ಕಂಬಂ ಕಣಿವೆಯಲ್ಲಿ ನಾನು ಕದ್ದ ಹಾಡು

ಬತ್ತಲಗುಂಡು

ಗಿಟಾರಿನ ಮೇಲೆ ವೀಳ್ಯದೆಲೆಯ ಕಟ್ಟು ಹೇರಿದ್ದನ್ನು ನಾನು ನೋಡಿದ್ದು ಬಸ್ಸು ಬತ್ತಲಗುಂಡಿನಲ್ಲಿ ನಿಂತ ಮೇಲೆ. ದಿಂಡಿಗಲ್ಲಿನಲ್ಲಿ ಹತ್ತುವಾಗ ಕಂಡಕ್ಟರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಹಿಂದಿನ ಸೀಟಿನ ಸಂದಿಗೆ ತೂರಿಸಿದ್ದರು. ಜೋಪಾನವಾಗಿ ಇಟ್ಟರೆಂದೇ ನಂಬಿದ್ದೆ. ಎಲೆ ಬಾಡದಿರಲೆಂದು ನೀರು ಚಿಮುಕಿಸಿದ್ದ ಕಟ್ಟು ಅದು. ಗಿಟಾರಿನ ಚೀಲವೆಲ್ಲ ತೊಯ್ದು ಹೋಗಿತ್ತು. ಎಲೆಯ ಒಡತಿ ತನ್ನ ಕಟ್ಟನ್ನು ಬಿಚ್ಚಿ, ಎಲೆ ಮುರಿದಿದೆಯೇ ಎಂದು ಒಂದೊಂದಾಗಿ ತಿರುವಿ ನೋಡಿ, ಕೊನೆಗೆ ನನ್ನನ್ನೇ ಬೈದಳು. ತಮಿಳಿನ ಬೈಗುಳ ನನಗೆ ಪೂರ್ತಿ ತಿಳಿಯುವುದಿಲ್ಲ. ಆದರೆ ಮರದ ಪೆಟ್ಟಿಗೆ ಹೊತ್ತು ತಿರುಗುವ ಹೆಂಗಸಿನ ಬಗ್ಗೆ ಲೋಕದ ಅಭಿಪ್ರಾಯ ಏನೆಂಬುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

ನಾನೂ ರಘುವೂ ಹನ್ನೆರಡು ವರ್ಷಗಳಿಂದ ಹೀಗೆ ಊರೂರು ಅಲೆದು ಹಾಡುತ್ತಿದ್ದೆವು. ಸಿನಿಮಾದವರ ಹಾಡಲ್ಲ, ಭಾವಗೀತೆಯೂ ಅಲ್ಲ. ನಾವೇ ಕಟ್ಟಿದ ಕನ್ನಡ ಹಾಡುಗಳು. ಮಾತು ನನ್ನದು, ರಾಗ ಅವನದು, ದನಿ ಇಬ್ಬರದೂ. ಗಂಡ ಹೆಂಡತಿಯೇ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಅಲ್ಲ ಎಂದರೆ ಲಾಡ್ಜಿನವರ ಮುಖ ಗಂಟಾಗುತ್ತದೆ. ನಮ್ಮನ್ನು ಕರೆಸುವ ಕಂಪನಿಯಿಲ್ಲ, ಸಂಘವಿಲ್ಲ. ಯಾರೋ ಎಲ್ಲೋ ಫೋನಿನಲ್ಲಿ ಕೇಳಿ ಮೆಚ್ಚಿ ಕರೆಯುತ್ತಾರೆ, ನಾವು ಹೋಗುತ್ತೇವೆ. ಇದನ್ನು ಸ್ವಾತಂತ್ರ್ಯ ಎಂದು ನಾನು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದೇನೆ.

ಬತ್ತಲಗುಂಡಿನ ಸ್ವಾತಂತ್ರ್ಯ ಹೀಗಿತ್ತು. ಕೊಡೈಕೆನಾಲ್ ಘಾಟಿಯ ಬುಡದಲ್ಲಿ ಒಂದು ಹೋಟೆಲು. ಬೆಟ್ಟ ಹತ್ತುವ ಮುಂಚೆ ಪ್ರವಾಸಿಗರು ಊಟಕ್ಕೆ ನಿಲ್ಲುವ ಜಾಗ. ಅಲ್ಲಿ ಮಧ್ಯಾಹ್ನ ಎರಡು ಗಂಟೆ ಹಾಡಬೇಕು. ಎರಡನೆಯ ಹಾಡಿಗೇ ಮ್ಯಾನೇಜರು ಬಂದರು. “ಮೇಡಂ, ಕೊಂಚಂ ಮೆದುವಾ. ಗೆಸ್ಟುಗಳಿಗೆ ಮಾತಾಡೋಕೆ ಆಗ್ತಿಲ್ಲ” ಎಂದರು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ಮೆಲ್ಲಗೆ ಹಾಡಿದೆವು. ಬೆಂಗಳೂರಿನ ಒಂದು ಕುಟುಂಬ ನಮ್ಮ ಕನ್ನಡ ಕೇಳಿ ಹಿಗ್ಗಿತು. ಬಿರಿಯಾನಿಯ ಕೈಯಲ್ಲೇ ಆ ಮನೆಯ ಯಜಮಾನರು ನನ್ನನ್ನು ಹತ್ತಿರ ಕರೆದರು.

“ಇದು ಯಾವ ಪಿಕ್ಚರಿಂದು?”

“ನಮ್ಮದೇ ಸಾರ್. ನಾವೇ ಬರೆದದ್ದು.”

“ಓ. ಅದು ಆಮೇಲೆ ಕೇಳೋಣ. ಮೊದಲು ಗೊತ್ತಿರೋದು ಯಾವುದಾದ್ರೂ ಹೇಳಿಮ್ಮಾ.”

ಗೊತ್ತಿರೋದನ್ನು ಹೇಳಿದೆವು. ತೊಯ್ದ ಗಿಟಾರು ಶ್ರುತಿ ನಿಲ್ಲದೆ ಎರಡು ಸಲ ಮಾನ ಕಳೆಯಿತು. ಯಾರೂ ಗಮನಿಸಲಿಲ್ಲ ಎಂಬುದೇ ಹೆಚ್ಚಿನ ಅವಮಾನ. ಹಿಂದಿನ ಬಾಗಿಲಲ್ಲಿ, ಈರುಳ್ಳಿ ಸಿಪ್ಪೆಯ ರಾಶಿಯ ಪಕ್ಕ ಕೂತು ಟೀ ಕುಡಿಯುವಾಗ ರಘು ಹೇಳಿದ: “ಸುಧಾ, ಇದೇ ಕೊನೆ. ಈ ತಿರುಗಾಟದಲ್ಲಿ ಏನಾದ್ರೂ ಆಗ್ಲಿಲ್ಲ ಅಂದ್ರೆ ನಾನು ಆ ಸ್ಕೂಲಿನ ಮ್ಯೂಸಿಕ್ ಮೇಷ್ಟ್ರ ಕೆಲಸಕ್ಕೆ ಒಪ್ಕೊಂಡುಬಿಡ್ತೀನಿ.”

ನಾನು ಜಗಳವಾಡಲಿಲ್ಲ. ಏನಾದರೂ ಆಗಬೇಕು ಎಂದು ಅವನಿಗಿಂತ ಹೆಚ್ಚಾಗಿ ನಾನೇ ಹಂಬಲಿಸುತ್ತಿದ್ದೆ. ಮುಂದೆ ನಡೆದದ್ದಕ್ಕೆ ಅವನೊಬ್ಬನನ್ನೇ ದೂರಲು ಆಗದೆ ಇರುವುದು ಅದಕ್ಕೇ.

ಪೆರಿಯಕುಳಂ

ನಮ್ಮನ್ನು ಈ ಸೀಮೆಗೆ ಕರೆಸಿದವರು ಪಾಂಡಿಯನ್. ಪೆರಿಯಕುಳದಲ್ಲಿ ಮಾವಿನ ವ್ಯಾಪಾರ, ಸ್ವಂತ ಊರು ಕಂಬಂ ಹತ್ತಿರದ ಕಾಮಯಗೌಂಡನ್‌ಪಟ್ಟಿ. ಐವತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ, ಸದಾ ತಮಿಳಿನಲ್ಲಿ ಬಡಿದುಕೊಳ್ಳುವ ಎರಡು ಫೋನು. ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ಕಂಡ ಕೂಡಲೇ ಅವರು ಕೇಳಿದ್ದು “ಉಂಡ್ರಾ?” ಎಂದು. ನಮ್ಮ ಕಡೆ ಬಂದವರನ್ನು ಮೊದಲು ಪ್ರಯಾಣದ ಬಗ್ಗೆ ಕೇಳುತ್ತೇವೆ, ಊಟದ ಮಾತು ನಾಲ್ಕನೆಯದು. ಇಲ್ಲಿ ಊಟದ ಪ್ರಶ್ನೆಗೆ ಉತ್ತರ ಬರುವವರೆಗೆ ಬೇರೆ ಮಾತೇ ಇಲ್ಲ.

ಆ ‘ಉಂಡ್ರಾ’ ಕೇಳಿ ನನಗೆ ಕಣ್ಣು ತುಂಬಿತು. ಎಷ್ಟೋ ನೂರು ವರ್ಷಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದ ಒಕ್ಕಲು ಮನೆತನ ಇವರದು. ಮನೆಯೊಳಗೆ ಇಂದಿಗೂ ಕನ್ನಡ. ಅಂಥವರ ನಡುವೆ ಹಾಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಕಳೆದುಹೋದ ನೆಂಟರನ್ನು ಹುಡುಕಿ ಹೊರಟವಳಂತೆ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ಮಾವಿನ ಮಂಡಿಯ ನೆರಳಲ್ಲಿ ಕೂರಿಸಿ ಪಾಂಡಿಯನ್ ಹೇಳಿದರು: “ನಿಮ್ ಪಾಟು ಫೋನಾಗೆ ಕೇಳ್ದೆ ಅಕ್ಕಾ. ಕಾಲ್ವಾಸಿ ಅರ್ಥ ಆಯ್ತು. ಮಿಕ್ಕಿದ್ದು ಬುಕ್ಕು ಮಾತು.”

ರಘು ನಕ್ಕ. ನನಗೆ ನಗು ಬರಲಿಲ್ಲ.

“ಪರವಾಯಿಲ್ಲೆ. ನಮ್ ಐಕ್ಳಿಗೆ ಅಷ್ಟೂ ಇಲ್ಲ. ಕೇಳುದ್ರೆ ತಿಳೀತದೆ, ಬಾಯ್ ತೆಗುದ್ರೆ ತಮಿಳು. ಅದ್ಕೇ ಈ ಕಲ್ಯಾಣದಾಗೆ ನಮ್ ಮಾತಾಗೆ ನಾಲ್ಕು ಪಾಟು ಕೇಳ್ಲಿ ಅಂತ. ಸೆಲ್ವಿ ನಮ್ ಅಕ್ಕನ ಮಗಳು. ಎಳೇ ಕೂಸಿಂದ ನಾನೂ ನಮ್ ಅವ್ವನೂ ಬೆಳಸಿದ್ದು.”

ಅಕ್ಕನ ಮಗಳನ್ನು ತಮ್ಮ ಯಾಕೆ ಬೆಳೆಸಬೇಕಾಯಿತು ಎಂದು ನಾನು ಕೇಳಲಿಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಬುಕ್ಕು ಮಾತು. ಇವರ ಮಾತಿನಲ್ಲೇ ಒಂದು ಹಾಡು ಕಟ್ಟಿ, ಮದುವೆಯ ಮನೆಯಲ್ಲಿ ಹಾಡಿ ಇವರನ್ನು ಬೆರಗುಗೊಳಿಸಬೇಕು.

ಕಾಮಯಗೌಂಡನ್‌ಪಟ್ಟಿ

ಮದುವೆಗೆ ಇನ್ನೂ ಮೂರು ದಿನ ಇತ್ತು. ಪಾಂಡಿಯನ್ನರ ಊರಿನ ಮನೆಯಲ್ಲಿ ನಮಗೆ ಎರಡು ಕೋಣೆ ಬಿಟ್ಟುಕೊಟ್ಟರು. ಗಂಡ ಹೆಂಡತಿಯೇ ಎಂದು ಈ ಮನೆಯಲ್ಲಿ ಯಾರೂ ಕೇಳಲಿಲ್ಲ. “ಪಾಡೋರು” ಅಂದರು, ಅಷ್ಟೇ. ಮದುಮಗಳು ಸೆಲ್ವಿ ನನ್ನ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಕೊಟ್ಟು, ನಾಚಿ, ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ತೇನಿಯ ಕಾಲೇಜಿನಲ್ಲಿ ಓದಿದ ಹುಡುಗಿ. ನನಗೆ ಮಲ್ಲಿಗೆ ಕಟ್ಟುವುದನ್ನು ಕಲಿಸಿದಳು, ನಾನು ಅವಳಿಗೆ ಗಿಟಾರಿನ ಎರಡು ಸ್ವರ ಕಲಿಸಿದೆ.

ಪಾಂಡಿಯನ್ನರ ತಾಯಿ ವೀರಮ್ಮನವರಿಗೆ ಎಂಬತ್ತು ದಾಟಿರಬೇಕು. ಮನೆಯಲ್ಲಿ ಮದುವೆಯ ಗದ್ದಲ ಇದ್ದರೂ ಬೆಳಗಾದರೆ ತೋಟಕ್ಕೆ ನಡೆದುಬಿಡುತ್ತಿದ್ದರು. ಎರಡನೆಯ ದಿನ ನಾನೂ ಹಿಂದೆ ಹೋದೆ. ಕಂಬಂ ಕಣಿವೆಯ ದ್ರಾಕ್ಷಿ ತೋಟದಲ್ಲಿ ಆಕಾಶ ಕಾಣುವುದಿಲ್ಲ. ತಲೆಯ ಮೇಲೆ ಉದ್ದಕ್ಕೂ ಚಪ್ಪರ, ಚಪ್ಪರದಿಂದ ಇಳಿಬಿದ್ದ ಕಪ್ಪು ಗೊಂಚಲು. ಕೂಲಿಯ ಹೆಂಗಸರು ಕತ್ತೆತ್ತಿ ಕತ್ತರಿಯಿಂದ ಗೊಂಚಲು ಬಿಡಿಸುತ್ತಿದ್ದರು. ವೀರಮ್ಮನವರು ಅವರಿಂದ ದೂರ, ಕಾಲುವೆಯ ಕಡೆಯ ಸಾಲಿನಲ್ಲಿ ಒಬ್ಬರೇ ಇದ್ದರು. ಹಾಡುತ್ತಿದ್ದರು.

ಮಲ್ಗೆ ಮುಡಿಸ್ದೆ ಮಗಳೆ
ಅಸ್ರು ಬಳೆ ತೊಡಿಸ್ದೆ ಮಗಳೆ
ಪಾಡೇರಿ ಒಂಟ್ಯಲ್ಲೆ ಮಗಳೆ
ಓಡೆ ದಾಟಿ ಒಂಟ್ಯಲ್ಲೆ

ನಾಲ್ಕು ಸಾಲು, ಮತ್ತೆ ಮತ್ತೆ ಅದೇ. ಆದರೆ ಪ್ರತಿ ಸಲ ‘ಒಂಟ್ಯಲ್ಲೆ’ಗೆ ಬಂದಾಗ ದನಿ ಒಂದೊಂದು ಕಡೆಯಿಂದ ಇಳಿಯುತ್ತಿತ್ತು. ಹನ್ನೆರಡು ವರ್ಷ ನಾವು ಹುಡುಕಿದ್ದು ಇಂಥ ಒಂದು ಇಳಿತವನ್ನು. ನಾನು ಚೀಲದೊಳಗೆ ಕೈ ಹಾಕಿ ಫೋನಿನ ರೆಕಾರ್ಡಿಂಗ್ ಒತ್ತಿದೆ. ಕೇಳಲಿಲ್ಲ. ಕೇಳಿದರೆ ಹಾಡು ನಿಂತುಹೋಗುತ್ತದೆ ಎಂಬುದು ಇಂಥ ಹೊತ್ತಿನಲ್ಲಿ ನಾವು ನಮಗೇ ಹೇಳಿಕೊಳ್ಳುವ ಸಬೂಬು.

ಅವರು ನನ್ನನ್ನು ಕಂಡು ಸುಮ್ಮನಾದರು.

“ಎಷ್ಟು ಚೆನ್ನಾಗಿ ಹಾಡ್ತೀರಿ ಅಜ್ಜಿ! ಯಾರು ಕಟ್ಟಿದ್ದು ಇದನ್ನ?”

“ಯಾರ್ ಕಟ್ತಾರೆ ಕಣ್ಣು. ತಾನೇ ಬಂತು.” ಕಣ್ಣು ಎಂದರೆ ತಮಿಳಿನಲ್ಲಿ ಕಂದ ಎಂದ ಹಾಗೆ.

“ನಿಮ್ಮದೇನಾ? ಮನೇಲಿ ಒಂದ್ಸಲ ಹಾಡಿ, ಎಲ್ಲರೂ ಕೇಳ್ಲಿ.”

“ಅಯ್ಯೋ, ಮನೇಲಿ ಪಾಡಲ್ಲ ತಾಯೀ. ತೋಟದಾಗೆ ಮಾತ್ರ.” ಒಂದು ಗೊಂಚಲು ಬಿಡಿಸಿ ನನ್ನ ಕೈಗೆ ಕೊಟ್ಟರು. “ತಿನ್ನು. ಬಿಸಿಲು ಏರ್ತದೆ, ಮನೀಗೆ ಓಗು.”

ದುಡಿಮೆಯ ಹಾಡು, ಅದಕ್ಕೇ ತೋಟದಲ್ಲಿ ಮಾತ್ರ ಎಂದು ನಾನೇ ಅರ್ಥ ಮಾಡಿಕೊಂಡೆ.

ಮನೆಯ ತಾರಸಿಯ ಮೇಲೆ ಅದನ್ನು ರಘುವಿಗೆ ಕೇಳಿಸಿದೆ. ಅವನು ಕಣ್ಣು ಮುಚ್ಚಿ ಮೂರು ಸಲ ಕೇಳಿದ. ಮೂರನೆಯ ಸಲ ಕಣ್ಣು ತೆರೆದಾಗ ಆ ಮೇಷ್ಟ್ರ ಕೆಲಸ ಅವನ ಮುಖದಿಂದ ಹೊರಟುಹೋಗಿತ್ತು.

“ಮದುವೆಯಾಗಿ ಹೋಗೋ ಮಗಳ ಹಾಡು. ಹೂವು, ಹಸಿರು ಬಳೆ, ಹಳ್ಳ ದಾಟಿ ಗಂಡನ ಮನೆ” ಎಂದೆ. ಓಡೆ ಎಂದರೆ ಹಳ್ಳ, ಅಷ್ಟು ತಮಿಳು ನನಗೆ ಗೊತ್ತಿತ್ತು.

“ಪಾಡೇರಿ ಅಂದ್ರೆ?”

“ಪಾಡು ಅಂದ್ರೆ ಹಾಡು ಕಣೋ. ಹಳಗನ್ನಡದ ಪಕಾರ ಇಲ್ಲಿ ಹಾಗೇ ಉಳಿದಿದೆ. ಪಾಡು ಏರಿ. ಹಾಡನ್ನು ಏರಿ ಹೊರಟೆಯಲ್ಲ ಮಗಳೇ! ಪಲ್ಲಕ್ಕಿ ಅಲ್ಲ, ಕುದುರೆ ಅಲ್ಲ, ಹಾಡನ್ನೇರಿ ಹೊರಟಿದ್ದಾಳೆ. ನಾನು ಹುಟ್ಟಿದಾಗಿಂದ ಇಂಥ ಒಂದು ಸಾಲು ಬರೆದಿಲ್ಲ.”

“ಎದ್ದು ಹೋಗಿ ಅಜ್ಜಿನೇ ಕೇಳ್ಬಿಡೋಣ್ವಾ?”

“ಕೇಳೋದೇನು? ಅವರ ಮೊಮ್ಮಗಳ ಮದುವೆಯಲ್ಲೇ ಹಾಡಿ ತೋರಿಸೋಣ.”

ಆ ದಿನವೂ ಮರುದಿನವೂ ತಾರಸಿಯ ಮೇಲೆ ಕೂತು ಹಾಡು ಕಟ್ಟಿದೆವು. ಮೊದಲ ನಾಲ್ಕು ಸಾಲು ವೀರಮ್ಮನವರದು, ಇದ್ದ ಹಾಗೇ. ಆಮೇಲೆ ನನ್ನ ಮೂರು ನುಡಿ, ನುಡಿನುಡಿಗೂ ‘ಹಾಡನೇರಿ ಹೋದಳು’ ಎಂಬ ಪಲ್ಲವಿ, ಪಲ್ಲವಿಯ ಕೊನೆಗೆ ವೀರಮ್ಮನವರ ಅದೇ ಇಳಿತ. ರಘು ಅದಕ್ಕೆ ಕೈ ತಟ್ಟಿಸುವಂಥ ಓಟ ಕೊಟ್ಟ. ಅಷ್ಟು ಸುಖವಾಗಿ ನಾವು ಎಂದೂ ಕೆಲಸ ಮಾಡಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಕಂಬಂ

ಇಲ್ಲಿ ಮುಹೂರ್ತ ಎಂದರೆ ಮುಂಜಾವು. ನಮ್ಮಲ್ಲಿ ಮದುವೆಗೆ ಜನ ಸೇರುವ ಹೊತ್ತಿಗೆ ಇಲ್ಲಿ ತಾಳಿ ಕಟ್ಟಿ, ತಿಂಡಿ ಮುಗಿದು, ಗಂಡಸರು ಪಂಚೆ ಸಡಿಲಿಸಿ ಕೂತಿರುತ್ತಾರೆ. ಒಂಬತ್ತು ಗಂಟೆಗೆ ಮಂಟಪದ ಪಕ್ಕದ ಸಣ್ಣ ವೇದಿಕೆ ನಮ್ಮದಾಯಿತು. ಸೆಲ್ವಿ ಅರಗಿನ ಕೆಂಪು ಬಣ್ಣದ ಸೀರೆಯಲ್ಲಿ, ಗಂಡನ ಪಕ್ಕ, ನನ್ನ ಕಡೆಯೇ ನೋಡುತ್ತಿದ್ದಳು. ಮೊದಲ ಸಾಲಿನ ಕುರ್ಚಿಯಲ್ಲಿ ವೀರಮ್ಮನವರು. ರಘು ನಾವೂ ಮದುಮಕ್ಕಳೂ ಕಾಣುವಂತೆ ಫೋನನ್ನು ಕಂಬಕ್ಕೆ ಒರಗಿಸಿ ವಿಡಿಯೋ ಹಚ್ಚಿದ.

ಎರಡು ಹಳೆಯ ಹಾಡು ಹಾಡಿದೆವು. ಜನ ಮರ್ಯಾದೆಗೆ ಕೇಳಿದರು. ಆಮೇಲೆ ನಾನು ಮೈಕಿನ ಹತ್ತಿರ ಹೋಗಿ, “ಇದು ನಿಮ್ಮ ನೆಲದ ಹಾಡು, ನಿಮಗೇ ವಾಪಸ್ ಕೊಡ್ತಿದ್ದೀನಿ” ಎಂದೆ. ಈ ಮಾತನ್ನು ಎರಡು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದೆ.

ಮಲ್ಗೆ ಮುಡಿಸ್ದೆ ಮಗಳೆ.

ಮೊದಲ ಸಾಲಿಗೇ ಸದ್ದು ನಿಂತಿತು. ಹಿಂದಿನ ಸಾಲಿನ ಹೆಂಗಸರು ಮಾತು ಬಿಟ್ಟು ತಿರುಗಿದರು. ಗೆದ್ದೆ ಎಂದುಕೊಂಡೆ. ಪಾಡೇರಿ ಒಂಟ್ಯಲ್ಲೆ ಎಂದಾಗ ಯಾರೋ “ಅಯ್ಯೋ” ಎಂದರು. ಮೆಚ್ಚುಗೆಯ ಅಯ್ಯೋ ಎಂದು ತಿಳಿದೆ. ರಘು ತಾಳ ಎತ್ತಿದ, ನಾನು ಕೈ ತಟ್ಟುತ್ತ ‘ಹಾಡನೇರಿ ಹೋದಳು’ಗೆ ಹೋದೆ. ವೀರಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಸೆಲ್ವಿ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅವಳ ಕಣ್ಣಿಂದ ನೀರು ಸುರಿಯತೊಡಗಿತು. ನಾನು ಇನ್ನೂ ಒಂದು ನುಡಿ ಹಾಡಿದೆ.

ಮುದುಕರೊಬ್ಬರು ಎದ್ದು ನಿಂತು ಕೂಗಿದರು: “ಕಲ್ಯಾಣ ಮನೇಲಿ ಪಾಡೆ ಪಾಟಾ? ಯಾರ್ ಕರ್ಸಿದ್ದು ಇವಳ್ನ?”

ಪಾಂಡಿಯನ್ ವೇದಿಕೆಗೆ ಬಂದರು. ಕೂಗಾಡಲಿಲ್ಲ. ಬಗ್ಗಿ ಮೈಕಿನ ವೈರು ಕಿತ್ತರು. “ಪೋದುಂ ಅಕ್ಕಾ” ಎಂದರು. ಸಾಕು.

“ಏನಾಯ್ತಣ್ಣ? ಅಜ್ಜಿಯದೇ ಹಾಡು...”

“ಪಾಡೆ ಅಂದ್ರೆ ಗೊತ್ತಿಲ್ವಾ ನಿಮ್ಗೆ? ಸತ್ತೋರ್ನ ಮಲಗ್ಸಿ ಒತ್ಕೊಂಡು ಓಗ್ತಾರಲ್ಲ, ಅದು. ಓಡೆ ದಾಟಿದ್ರೆ ನಮ್ಮೂರ್ ಸುಡುಗಾಡು.” ಕಿತ್ತ ವೈರನ್ನು ಕೈಗೆ ಸುತ್ತಿಕೊಂಡರು. “ನಮ್ಮಕ್ಕ ಈ ಸೆಲ್ವಿ ಎರಿಗೇಲೇ ಸತ್ಲು. ಮುತ್ತೈದೆ ಅಂತ ಊವ ಮುಡಿಸಿ ಬಳೆ ತೊಡಿಸಿ ಕಳಿಸ್ದೋಳು ನಮ್ಮವ್ವ. ಆ ಪಾಟ್ನ ಇವಳ್ ಕಲ್ಯಾಣದಾಗೆ ಕೈ ತಟ್ಟಿ ಪಾಡ್ದ್ರಲ್ಲ ಅಕ್ಕಾ.”

ಚಟ್ಟ. ಹಾಡಲ್ಲ, ಚಟ್ಟ. ನಾನು ಹಳಗನ್ನಡ ಎಂದು ಬೀಗಿದ್ದು ಅಪ್ಪಟ ತಮಿಳು ಪದ.

ಹೊರಟುಹೋಗೋಣ ಎಂದು ಗಿಟಾರು ಎತ್ತಿಕೊಂಡೆವು. ಬಿಡಲಿಲ್ಲ. ಮದುವೆಮನೆಯಿಂದ ಉಣ್ಣದೆ ಹೋಗುವಂತಿಲ್ಲ ಎಂದು ಪಾಂಡಿಯನ್ನರ ಹೆಂಡತಿ ನಮ್ಮನ್ನು ಬಾಳೆಲೆಯ ಮುಂದೆ ಕೂರಿಸಿದರು. ಬಡಿಸುವವರು ಎಲ್ಲರಿಗೂ ಬಡಿಸಿದಷ್ಟೇ ನಮಗೂ ಬಡಿಸಿದರು, ಪಾಯಸ ಎರಡು ಸಲ ಕೇಳಿದರು. ನಮ್ಮ ಎಡಕ್ಕೂ ಬಲಕ್ಕೂ ನಾಲ್ಕು ನಾಲ್ಕು ಎಲೆ ಖಾಲಿ ಇದ್ದವು. ಯಾರೂ ಬಂದು ಕೂರಲಿಲ್ಲ. ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

ಮತ್ತೆ ಕಾಮಯಗೌಂಡನ್‌ಪಟ್ಟಿ

ಆ ಮನೆಯಲ್ಲಿ ಉಳಿಯುವ ಮುಖವಿರಲಿಲ್ಲ. ಕಂಬಂನ ಒಂದು ಲಾಡ್ಜಿನಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ನಾನೊಬ್ಬಳೇ ಶೇರ್ ಆಟೋ ಹತ್ತಿ ಹೋದೆ. ರಘು ಬರುವುದಿಲ್ಲ ಎಂದ. “ಹೋಗಿ ಏನು ಹೇಳ್ತೀಯಾ? ಮತ್ತೆ ಅವರಿಗೆ ನೆನಪು ಮಾಡಿಕೊಡ್ತೀಯಾ?” ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಅವನು ಫೋನಿನಿಂದ ಕಣ್ಣೆತ್ತದೆ ಹೇಳಿದ್ದನ್ನು ನಾನು ಗಮನಿಸಬೇಕಿತ್ತು.

ವೀರಮ್ಮನವರು ತೋಟದಲ್ಲೇ ಇದ್ದರು. ಚಪ್ಪರದ ಕೆಳಗೆ ಕಾಲು ಚಾಚಿ ಕೂತಿದ್ದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

“ಗೊತ್ತಿರ್ಲಿಲ್ಲ ಅಜ್ಜಿ. ನಿಮ್ಮನ್ನ ಕೇಳ್ದೆ ಫೋನಲ್ಲಿ ಹಿಡ್ಕೊಂಡೆ. ತಪ್ಪಾಯ್ತು.”

ಅವರು ಸೆರಗಿಗೆ ಅಂಟಿದ್ದ ಒಣಗಿದ ಎಲೆಯನ್ನು ಕೊಡವಿದರು. ಆಮೇಲೆ ಕೇಳಿದರು: “ಯಾತಕ್ಕೆ ಕೈ ತಟ್ದೆ?”

ನಾನು ಅವರೆದುರು ನೆಲದ ಮೇಲೆ ಕೂತೆ.

“ಇಪ್ಪತ್ತ್ಮೂರು ವರ್ಸ. ಅವಳ್ ಮುಕ ನಂಗೆ ಮರೆತೋಗೈತೆ ತಾಯೀ. ಪೋಟೋ ಬೇರೆ, ಮುಕ ಬೇರೆ. ಇಲ್ಲಿ ಕೂತು ಪಾಡುದ್ರೆ ಸರಿಯಾಗಿ ಮುಕ ಬರ್ತಿತ್ತು. ಇವತ್ತು ಪಾಡ್ದೆ. ನಿನ್ ಪಾಟು ಬಂತು. ಟಕ ಟಕ ಅಂತ ಕೈ ತಟ್ಟೋ ಸದ್ದು ಬಂತು. ಅವಳ್ ಬರ್ಲಿಲ್ಲ.”

ಅಳಲಿಲ್ಲ, ಬೈಯಲಿಲ್ಲ. ಬೇರೆಯವರ ಮನೆಯ ಸುದ್ದಿ ಹೇಳುವಂತೆ ಹೇಳಿದರು. ನಾನು ಅವರೆದುರೇ ಫೋನು ತೆಗೆದು ಆ ರೆಕಾರ್ಡಿಂಗ್ ಅಳಿಸಿದೆ. ಅವರಿಗೆ ಅದು ಏನೆಂದೇ ಅರ್ಥವಾಗಲಿಲ್ಲ. “ಓಗು ಕಣ್ಣು, ಬಸ್ಸು ತಪ್ತದೆ” ಎಂದರು. ಕಣ್ಣು ಎಂದು ಕರೆದದ್ದು ಪ್ರೀತಿಗಲ್ಲ. ಇಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾರೆ.

ದಿಂಡಿಗಲ್

ತೇನಿಯಿಂದ ದಿಂಡಿಗಲ್ಲಿಗೆ ಹೋಗುವ ಬಸ್ಸಿನಲ್ಲಿ ರಘು ಹೇಳಿದ. ಮದುವೆಯ ವಿಡಿಯೋವನ್ನು ಹಿಂದಿನ ದಿನವೇ ಇಂಟರ್ನೆಟ್ಟಿಗೆ ಹಾಕಿಬಿಟ್ಟಿದ್ದ. ಮೊದಲ ನಾಲ್ಕು ಸಾಲು ತೆಗೆದುಹಾಕಿ, ನನ್ನ ನುಡಿಯಿಂದ ಶುರು ಮಾಡಿದ್ದ. ಅಳುತ್ತಿರುವ ಸೆಲ್ವಿಯ ಮುಖ ಇತ್ತು. ತವರು ಬಿಡುವ ಮದುಮಗಳ ಕಣ್ಣೀರು ಎಂದು ಜನ ಮನಸೋತು ಹಂಚಿಕೊಳ್ಳುತ್ತಿದ್ದರು. ನಮ್ಮ ಯಾವ ಹಾಡನ್ನೂ ಅಷ್ಟು ಜನ ಕೇಳಿರಲಿಲ್ಲ.

“ತೆಗೆದುಹಾಕು ರಘು.”

“ಯಾಕೆ? ಅದರಲ್ಲಿರೋದು ನಿನ್ನ ಸಾಲು, ನನ್ನ ರಾಗ. ಅಜ್ಜಿಯದು ಒಂದಕ್ಷರ ಇಲ್ಲ.”

“ಆ ಇಳಿತ ಯಾರದು?”

“ಬೇಕಾದ್ರೆ ಅವರ ಹೆಸರು ಹಾಕೋಣ.”

“ಅವರಿಗೆ ಹೆಸರು ಬೇಡ ಕಣೋ. ಸೆಲ್ವಿಯ ಮುಖವಾದರೂ ತೆಗಿ.”

“ಆ ಮುಖದಿಂದಲೇ ಅಲ್ವಾ ಜನ ನೋಡ್ತಿರೋದು?” ಎಂದವನು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: “ಕೇಳು ಸುಧಾ. ನನಗೂ ಬೇಜಾರಿದೆ. ಆದರೆ ನಲವತ್ತೈದು ವರ್ಷ ಆಯ್ತು ನನಗೆ. ಮತ್ತೆ ಇಂಥದ್ದು ಸಿಗಲ್ಲ. ನಿನಗೂ ಸಿಗಲ್ಲ.”

ದಿಂಡಿಗಲ್ಲಿನಲ್ಲಿ ಒಂದು ಕಾಲೇಜಿನವರು ಸಂಜೆ ಐದಕ್ಕೆ ನಮ್ಮ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಐವತ್ತು ಜನ ಬಂದರೆ ಹೆಚ್ಚು ಎಂದಿದ್ದರು. ವಿಡಿಯೋ ನೋಡಿದವರೆಲ್ಲ ಬಂದು ಬಾಗಿಲ ಬಳಿಯೂ ನಿಂತಿದ್ದರು. ನಾನು ವೇದಿಕೆ ಹತ್ತುವುದಿಲ್ಲ ಎಂದೆ. ರಘು ಒಂದು ಕ್ಷಣ ನನ್ನನ್ನು ನೋಡಿ, ಗಿಟಾರು ತೆಗೆದುಕೊಂಡು ಒಬ್ಬನೇ ಹೋದ. ಹನ್ನೆರಡು ವರ್ಷದಲ್ಲಿ ಅವನು ಒಬ್ಬನೇ ವೇದಿಕೆ ಹತ್ತಿದ್ದು ಅದೇ ಮೊದಲು. ನಾನು ಕೊನೆಯ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತೆ. ಚಪ್ಪಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದುಬಿಡಬಹುದಿತ್ತು. ಕೂತೆ.

ಅವನು ಅದನ್ನೇ ಮೊದಲು ಹಾಡಿದ. ಚೆನ್ನಾಗಿ ಹಾಡಿದ. ಕನ್ನಡದ ಗಂಧವಿಲ್ಲದ ಹುಡುಗ ಹುಡುಗಿಯರು ಎರಡನೆಯ ಪಲ್ಲವಿಗೇ ಕಲಿತು, ಕೈ ತಟ್ಟಿ, ಹಾಡನೇರಿ ಹೋದಳು ಹಾಡನೇರಿ ಹೋದಳು ಎಂದು ಹಾಡತೊಡಗಿದರು. ಬತ್ತಲಗುಂಡಿನಲ್ಲಿ, ಅದಕ್ಕೂ ಮುಂಚೆ ನೂರು ಊರುಗಳಲ್ಲಿ, ನಾನು ಕಾದಿದ್ದು ಇದಕ್ಕೇ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಕಣ್ಣು ಒರೆಸಿಕೊಂಡಳು. ನನ್ನದೇ ವಯಸ್ಸು, ತಲೆಯಲ್ಲಿ ಕನಕಾಂಬರ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಕಡೆ ಬಾಗಿ ತಮಿಳಿನಲ್ಲಿ ಕೇಳಿದಳು, ಎಷ್ಟು ಚೆನ್ನಾಗಿದೆ, ಯಾರು ಬರೆದದ್ದು ಈ ಹಾಡನ್ನು ಎಂದು.

ಯೋಚಿಸಲು ಹೊತ್ತಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಒಬ್ಬ ಅಜ್ಜಿ ಎನ್ನಬಹುದಿತ್ತು. ಸುಮ್ಮನೆ ಇರಬಹುದಿತ್ತು.

“ನಾನು” ಎಂದೆ.

ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಹಾಡು ಮುಗಿಯುವವರೆಗೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.